ಕತ್ತಲೆಯ ಲೆಕ್ಕ

ಶರಾವತಿಯು ಸಮುದ್ರವನ್ನು ಕೂಡುವ ಹೊನ್ನಾವರದ ಸೀಮೆಯಲ್ಲಿ, ಬೆಳೆ ಕೊಯ್ದು ಗದ್ದೆಗಳು ಬರಿದಾದ ಮೇಲೆ ಬಡಗುತಿಟ್ಟಿನ ಯಕ್ಷಗಾನ ಮೇಳಗಳು ಬೆಳತನಕ ಆಟವಾಡುತ್ತಿದ್ದ ಹಿಂದಿನ ದಿನಗಳಲ್ಲಿ, ರಂಗಸ್ಥಳಕ್ಕೆ ಒದಗುತ್ತಿದ್ದ ಬೆಳಕೆಂದರೆ ಮೊದಲು ಎಣ್ಣೆಯ ದೀವಟಿಗೆ, ತರುವಾಯ ಗ್ಯಾಸ್‌ಲೈಟು, ಇಷ್ಟೇ. ಇಂದಿನ ವಿದ್ಯುದ್ದೀಪಗಳ ಮಾನದಿಂದ ನೋಡಿದರೆ ಅದು ತೀರ ಕೃಪಣವಾದ ಬೆಳಕು. ಆದರೂ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ 1934ರ ಆಸುಪಾಸಿನ ತಲೆಮಾರಿನವರು, ಕಿರೀಟದ ಬೇಗಡೆಯೂ ಭುಜಕೀರ್ತಿಯೂ ಆ ಬೆಳಕಿನಲ್ಲಿ ಮಿಂಚಿದಷ್ಟು ಇಂದಿನ ಝಗಝಗಿಸುವ ವೇದಿಕೆಗಳ ಮೇಲೆ ಮಿಂಚುವುದಿಲ್ಲವೆಂದು ಹೇಳುತ್ತಿದ್ದುದುಂಟು. ಇದನ್ನು ಗತಕಾಲದ ವ್ಯಾಮೋಹವೆಂದು ತಳ್ಳಿಹಾಕುವುದಕ್ಕೆ ಭೌತಶಾಸ್ತ್ರವು ಒಪ್ಪುವುದಿಲ್ಲ. ನಮ್ಮ ಕಣ್ಣು ಬೆಳಕಿನ ಪರಿಮಾಣವನ್ನು ಅಳೆಯುವ ಯಂತ್ರವಲ್ಲ. ಬೆಳಗಿದ ಎಡೆಗೂ ಬೆಳಗದ ಎಡೆಗೂ ಇರುವ ಅನುಪಾತವನ್ನು ಅಳೆಯುವ ಯಂತ್ರ. ರಂಗಸ್ಥಳದ ಹಿಂದೆ ಇದ್ದುದು ಬಯಲಿನ ಕಗ್ಗತ್ತಲೆ. ಬೇಗಡೆಯ ಕಾಂತಿಯ ಅರ್ಧಪಾಲು ಆ ಕತ್ತಲೆಯಿಂದ ಬಂದುದು.

ಮನೆಯಲ್ಲಿಯೇ ಚಿತ್ರಮಂದಿರವನ್ನು ಕಟ್ಟಿಕೊಳ್ಳುವ ಅಭಿಲಾಷೆ ಈಗ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಅಪೂರ್ವವಲ್ಲ. ಕೊಲ್ಲಿಯ ದೇಶಗಳಲ್ಲಿ ದುಡಿದು ಊರಿನಲ್ಲಿ ವಿಶಾಲವಾದ ಮನೆಗಳನ್ನು ಎತ್ತಿಸಿದ ಭಟ್ಕಳದ ಕುಟುಂಬಗಳು, ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದ ಮೇಲೆ ಮಾಳಿಗೆಯ ಕೋಣೆಗಳು ಬರಿದಾದ ಹೊನ್ನಾವರದ ಹಂಚಿನ ಮನೆಗಳವರು, ಪೇಟೆಯ ಗದ್ದಲದ ನಡುವೆ ಹೊಸ ಫ್ಲ್ಯಾಟುಗಳಲ್ಲಿ ವಾಸಿಸುವ ಕುಮಟೆಯ ವರ್ತಕರು, ಈ ಮೂವರೂ ಅಂಗಡಿಗೆ ಹೋದಾಗ ಎದುರಿಗೆ ಹರಡುವ ಪದಾವಳಿ ಒಂದೇ: ಇಷ್ಟು ಅಂಗುಲ, ಇಷ್ಟು ಲ್ಯೂಮೆನ್, 4ಕೆ, ಮಿನಿ ಎಲ್‌ಇಡಿ, ಓಎಲ್‌ಇಡಿ, ಲೇಸರು. ನಿಮ್ಮ ಕೋಣೆ ಎಷ್ಟು ಕತ್ತಲೆಯಾಗಬಲ್ಲುದು, ಕಡಲು ಎಷ್ಟು ದೂರ ಎಂದು ಕೇಳುವ ಅಂಗಡಿಯವನನ್ನು ಕಾಣುವುದು ಕಷ್ಟ. ಯಾವ ಯಂತ್ರ ಒಳ್ಳೆಯದೆಂಬ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿರುವುದೆಂಬುದು ನನ್ನ ಅಭಿಮತ. ಅದನ್ನು ಲೆಕ್ಕಹಾಕಿ ತೋರಿಸುವುದೇ ಈ ಅಧ್ಯಾಯದ ಕೆಲಸ.

ಪ್ರೊಜೆಕ್ಟರಿನಿಂದ ಆರಂಭಿಸೋಣ. ಕರ್ಣರೇಖೆಯಲ್ಲಿ 100 ಅಂಗುಲವಿರುವ ಈಗಿನ ಪ್ರಮಾಣದ ಪರದೆಯೊಂದು ಸುಮಾರು 2.2 ಮೀಟರು ಅಗಲವೂ 1.25 ಮೀಟರು ಎತ್ತರವೂ ಆಗಿ, 2.76 ಚದರ ಮೀಟರು ಕ್ಷೇತ್ರವನ್ನು ವ್ಯಾಪಿಸುತ್ತದೆ. ಇದರ ಮೇಲೆ 2000 ಲ್ಯೂಮೆನ್ ಬೆಳಕನ್ನು ಹರಡಿದರೆ ಪ್ರತಿ ಚದರ ಮೀಟರಿಗೆ ಬೀಳುವುದು ಸುಮಾರು 725 ಲ್ಯೂಮೆನ್, ಎಂದರೆ 725 ಲಕ್ಸ್. ಹೊಳಪಿಲ್ಲದ ಬಿಳಿಯ ಪರದೆ ಅದನ್ನು ಎಲ್ಲ ದಿಕ್ಕುಗಳಿಗೂ ಸಮನಾಗಿ ಚೆದರಿಸುವುದರಿಂದ, ನೋಡುವವನ ಕಣ್ಣಿಗೆ ಒದಗುವ ದೀಪ್ತಿಯನ್ನು ತಿಳಿಯಲು ಈ ಸಂಖ್ಯೆಯನ್ನು ಪೈ ಎಂಬ ಸ್ಥಿರಾಂಕದಿಂದ ಭಾಗಿಸಬೇಕು. ಆಗ ಬರುವುದು ಸುಮಾರು 230 ನಿಟ್. ಇದು ಪರದೆಯ ಮೇಲಿನ ಅತ್ಯಂತ ಬಿಳಿಯ ಬಿಳುಪು. ಕಪ್ಪೆಷ್ಟು? ಪ್ರೊಜೆಕ್ಟರು ಕಪ್ಪನ್ನು ಎರಚಲಾರದು. ಬೆಳಕನ್ನು ತಡೆಹಿಡಿಯುವುದಷ್ಟೇ ಅದರ ಶಕ್ತಿ. ಅದು ತಡೆಹಿಡಿದ ಕಡೆಯಲ್ಲಿ ನಮಗೆ ಕಾಣುವುದು ಬರಿಯ ಪರದೆ, ಎಂದರೆ ಕೋಣೆಯೊಳಗಿನ ಬೆಳಕು ಬಿದ್ದ ಬಿಳಿಯ ಬಟ್ಟೆ. ಸಂಜೆ ಜಗಲಿಯ ಕಡೆಯ ಬಾಗಿಲು ತೆರೆದಿದ್ದು, ಒಳಗೆ ಒಂದೆರಡು ದೀಪಗಳು ಉರಿಯುತ್ತಿದ್ದು, ಪರದೆಯ ಮೇಲೆ 50 ಲಕ್ಸ್ ಬೀಳುತ್ತಿದ್ದರೆ ಆ ‘ಕಪ್ಪು’ 16 ನಿಟ್ ಆಗುತ್ತದೆ. ಬಿಳುಪಿಗೂ ಕಪ್ಪಿಗೂ ಇರುವ ಅನುಪಾತ ಆಗ ಹದಿನೈದಕ್ಕೆ ಒಂದು. ಹಗಲು ಹೊತ್ತಿನಲ್ಲಿ ಕಿಟಕಿಯ ಬೆಳಕಿನಿಂದ 150 ಲಕ್ಸ್ ಬಿದ್ದರೆ ಅನುಪಾತ ಆರಕ್ಕೆ ಒಂದಕ್ಕಿಂತಲೂ ಕೆಳಗೆ ಇಳಿದು, ರಾಕ್ಷಸಪಾತ್ರದ ಕಪ್ಪು ಗಡ್ಡ ಬೂದಿಯಾಗಿ ತೋರುವುದು. ಅದೇ ಯಂತ್ರವನ್ನು, ಅದೇ ಪರದೆಯನ್ನು, ಬೆಳದಿಂಗಳಿಗಿಂತ ಹೆಚ್ಚು ಬೆಳಕಿಲ್ಲದ ಕೋಣೆಯಲ್ಲಿಟ್ಟರೆ ಹೊರಗಿನ ಬೆಳಕಿನ ಲೆಕ್ಕದಲ್ಲಿ ಅನುಪಾತ ಸಾವಿರಗಳಿಗೆ ಏರುತ್ತದೆ. ಪೆಟ್ಟಿಗೆಯ ಮೇಲೆ ಲಕ್ಷಕ್ಕೆ ಒಂದೆಂದು ಮುದ್ರಿಸಿರುವ ಸಂಖ್ಯೆ ಈ ಮೂರು ಕೋಣೆಗಳಲ್ಲಿಯೂ ಬದಲಾಗಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇನ್ನೊಂದು ಸೂಕ್ಷ್ಮವೂ ಉಂಟು. ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿದರೂ ಪರದೆಯೇ ಕೋಣೆಗೆ ದೀಪವಾಗುತ್ತದೆ. ಪರದೆಯ ಬೆಳಕು ಸುಣ್ಣ ಬಳಿದ ಗೋಡೆಗೂ ತಾರಸಿಗೂ ತಗಲಿ, ಹಿಂದಿರುಗಿ ಪರದೆಯ ಮೇಲೆಯೇ ಬಿದ್ದು, ಚಿತ್ರದ ಕಪ್ಪು ಭಾಗಗಳನ್ನು ತೊಳೆದುಬಿಡುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒರೆದು ಹೊಳಪಿಸಿದ ಕೆಂಪು ಸಿಮೆಂಟಿನ ನೆಲವಿದ್ದರೆ ಹಿಂದಿರುಗುವ ಬೆಳಕಿಗೆ ಒಂದು ಕೆಂಬಣ್ಣದ ಛಾಯೆಯೂ ಸೇರುವುದು. ನೆಲಕ್ಕೆ ಗಾಢವರ್ಣದ ಒಂದು ಜಮಖಾನೆಯನ್ನೂ, ಪರದೆಯ ಸಮೀಪದ ಗೋಡೆ ಮತ್ತು ಸೂರಿಗೆ ಹೊಳಪಿಲ್ಲದ ಕಡುಬಣ್ಣವನ್ನೂ ಒದಗಿಸುವ ಖರ್ಚು, ಹೆಚ್ಚು ಲ್ಯೂಮೆನ್ನಿನ ಯಂತ್ರಕ್ಕೆ ತೆರುವ ಹೆಚ್ಚಳಕ್ಕಿಂತ ಎಷ್ಟೋ ಕಡಮೆ. ಫಲವು ಎಷ್ಟೋ ಹೆಚ್ಚು.

ಚಿತ್ರಮಂದಿರಗಳ ಡಿಜಿಟಲ್ ಪ್ರದರ್ಶನಕ್ಕೆ ನಿಗದಿಯಾದ ಬಿಳುಪು 48 ನಿಟ್ ಮಾತ್ರ. ನಮ್ಮ 100 ಅಂಗುಲದ ಪರದೆಗೆ ಅಷ್ಟು ದೀಪ್ತಿಯನ್ನು ಕೊಡಲು 420 ಲ್ಯೂಮೆನ್ ಸಾಕು. ಹೀಗಿರುವಲ್ಲಿ ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ ಎಂಟು ಸಾವಿರ, ಹತ್ತು ಸಾವಿರ ಲ್ಯೂಮೆನ್ ಎಂಬ ಘೋಷಣೆಗಳು ಏಕೆ ಕಾಣಿಸುತ್ತವೆ? ಆ ಸಂಖ್ಯೆಗಳನ್ನು ಯಾವ ಮಾನಕವಿಧಾನದಿಂದಲೂ ಅಳೆದಿರುವುದಿಲ್ಲ. ಆನ್ಸಿ ಅಥವಾ ಐಎಸ್‌ಓ ಎಂಬ ವಿಶೇಷಣವಿಲ್ಲದೆ ಬರಿಯ ‘ಲ್ಯೂಮೆನ್’ ಎಂದು ಬರೆದಿದ್ದರೆ ಅದನ್ನು ಅಲಂಕಾರವೆಂದೇ ಓದಿಕೊಳ್ಳತಕ್ಕದ್ದು.

ಗಾಜಿನ ಪ್ಯಾನೆಲ್ಲುಗಳ ನ್ಯಾಯವೇ ಬೇರೆ. ಬಿಳಿಯ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಕೊಡುವುದಾದರೆ, ಆರಿಸಿಟ್ಟ ಟಿ.ವಿ.ಯ ಕಪ್ಪು ಮುಖ ಹಿಂದಕ್ಕೆ ಚೆದರಿಸುವುದು ನೂರರಲ್ಲಿ ಒಂದೆರಡು ಪಾಲನ್ನಷ್ಟೆ. ಎರಡು ಪಾಲೆಂದೇ ಹಿಡಿದರೂ, ಮೇಲೆ ಹೇಳಿದ 50 ಲಕ್ಸಿನ ಸಂಜೆಯಲ್ಲಿ ಅದರ ಕಪ್ಪು 0.3 ನಿಟ್, 300 ನಿಟ್ ಬಿಳುಪಿನ ಸಾಧಾರಣ ಟಿ.ವಿ.ಯಲ್ಲಿಯೂ ಅನುಪಾತ ಸಾವಿರದ ಹತ್ತಿರಕ್ಕೆ ಬರುತ್ತದೆ. ಹದಿನೈದಕ್ಕೂ ಸಾವಿರಕ್ಕೂ ಇರುವ ಅಂತರವನ್ನು ಯಾವ ಜಾಹೀರಾತೂ ತುಂಬಲಾರದು. ಜನರು ಬಂದುಹೋಗುವ, ಹೆಂಗಸರು ಮಲ್ಲಿಗೆ ಕಟ್ಟುತ್ತಲೋ ಮಕ್ಕಳು ಪಾಠ ಬರೆಯುತ್ತಲೋ ಕುಳಿತಿರುವ, ದೀಪವಾರದ ಹಾಲಿನಲ್ಲಿ ಪ್ರೊಜೆಕ್ಟರನ್ನು ತೂಗಹಾಕುವುದು ವ್ಯರ್ಥಪ್ರಯಾಸ. ಅಲ್ಲಿಗೆ ಪ್ಯಾನೆಲ್ಲೇ ಗತಿ.

ಪ್ಯಾನೆಲ್ಲುಗಳಲ್ಲಿ ಬಹುಸಂಖ್ಯಾತವಾದುದು ದ್ರವಸ್ಫಟಿಕದ, ಎಂದರೆ ಎಲ್‌ಸಿಡಿಯ, ಕುಲ. ಈ ವಿಚಿತ್ರ ದ್ರವ್ಯವನ್ನು ಮೊದಲು ಕಂಡವನು ಫ್ರೀಡ್ರಿಕ್ ರೈನಿಟ್ಜರ್ ಎಂಬ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ. 1888ರಲ್ಲಿ ಅವನು ಕೊಲೆಸ್ಟರಾಲಿನಿಂದ ಪಡೆದ ಒಂದು ಪದಾರ್ಥವನ್ನು ಕಾಯಿಸುತ್ತಿದ್ದಾಗ, ಅದು ಸುಮಾರು 145 ಡಿಗ್ರಿಯಲ್ಲಿ ಕರಗಿ ಮೋಡಗಟ್ಟಿದ ದ್ರವವಾಗಿ, 178 ಡಿಗ್ರಿಯನ್ನು ದಾಟಿದ ಮೇಲೆ ಮಾತ್ರ ತಿಳಿಯಾಯಿತು. ನಡುವಣ ಆ ಮೋಡಗಟ್ಟಿದ ಅವಸ್ಥೆಯಲ್ಲಿ ಅಣುಗಳು ದ್ರವದಂತೆ ಹರಿಯುತ್ತಲೂ ಸ್ಫಟಿಕದಂತೆ ಒಂದೇ ದಿಕ್ಕಿಗೆ ಮುಖಮಾಡಿಯೂ ಇರುವುದರಿಂದ, ಸ್ವಲ್ಪವೇ ವಿದ್ಯುತ್ತಿನ ಒತ್ತಡದಿಂದ ಅವುಗಳ ದಿಕ್ಕನ್ನು ತಿರುಗಿಸಿ, ಧ್ರುವೀಕೃತವಾದ ಬೆಳಕನ್ನು ಬೇಕಾದಾಗ ಬಿಡಲೂ ಬೇಡವಾದಾಗ ತಡೆಯಲೂ ಬರುತ್ತದೆ. ಹಿಂದೆ ಎಲ್‌ಇಡಿ ದೀಪಗಳ ಸಾಲು, ಮುಂದೆ ಈ ಅಣುಗಳ ಕೋಟ್ಯಂತರ ಕದಗಳು: ‘ಎಲ್‌ಇಡಿ ಟಿ.ವಿ.’ ಎಂದು ಮಾರುವ ಸಾಧನದ ಅಂತರಂಗ ಇಷ್ಟೇ.

ಈ ಕಥೆಯಲ್ಲಿ ಕನ್ನಡನಾಡಿಗೆ ಸಲ್ಲತಕ್ಕ ಒಂದು ಪುಟವುಂಟು, ಟಿ.ವಿ. ಮಾರುವವರೂ ಕೊಳ್ಳುವವರೂ ಅದನ್ನು ನೆನೆಯದಿರುವುದು ಖೇದಕರ. ಸಿ. ವಿ. ರಾಮನ್ನರ ಸೋದರಸಂಬಂಧದ ಮನೆತನದಲ್ಲಿ ಹುಟ್ಟಿದ ಎಸ್. ಚಂದ್ರಶೇಖರ್ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಅದುವರೆಗೆ ದ್ರವಸ್ಫಟಿಕವಾಗಬಲ್ಲ ಅಣುಗಳು ಕಡ್ಡಿಯಂತೆ ಉದ್ದವಾಗಿಯೇ ಇರಬೇಕೆಂಬುದು ವಿದ್ವಾಂಸರ ಗ್ರಹಿಕೆಯಾಗಿದ್ದಿತು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಸ್ತಂಭವಾಗಿ ಜೋಡಿಸಿಕೊಂಡು ದ್ರವಸ್ಫಟಿಕವಾಗುವುವೆಂದು, ಬೆಂಗಳೂರಿನಿಂದ ಹೊರಡುವ ‘ಪ್ರಮಾಣ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೊಂದು ಶುದ್ಧ ಜಿಜ್ಞಾಸೆಯ ಫಲ. ಯಾವ ಕಾರ್ಖಾನೆಯೂ ಅದನ್ನು ಕೇಳಿರಲಿಲ್ಲ. ಆದರೆ ಎರಡು ದಶಕ ತುಂಬುವಷ್ಟರಲ್ಲಿ ಅದಕ್ಕೆ ಒಂದು ಅನಿರೀಕ್ಷಿತವಾದ ಉಪಯೋಗ ಒದಗಿತು. ಆಗಿನ ಎಲ್‌ಸಿಡಿ ತೆರೆಗಳನ್ನು ಪಕ್ಕದಿಂದ ನೋಡಿದರೆ ಚಿತ್ರವು ಮಾಸಿ ಬಣ್ಣಗಳು ತಿರುವುಮುರುವಾಗುತ್ತಿದ್ದುವು. ಓರೆಯಾಗಿ ಹಾಯುವ ಬೆಳಕಿಗೆ ಕಡ್ಡಿಯಣುಗಳು ಬೇಡದ ಪರಿಣಾಮವನ್ನು ಉಂಟುಮಾಡುತ್ತಿದ್ದುದೇ ಅದಕ್ಕೆ ಕಾರಣ. ಬಿಲ್ಲೆಯಣುಗಳ ದೃಗ್ಗುಣ ಕಡ್ಡಿಯಣುಗಳದಕ್ಕೆ ವಿರುದ್ಧವಾದುದರಿಂದ, 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪೆನಿಯು ಬಿಲ್ಲೆಯಣುಗಳ ತೆಳುವಾದ ಪೊರೆಯೊಂದನ್ನು ಮಾಡಿ ತೆರೆಗೆ ಅಂಟಿಸಿ, ಒಂದರ ದೋಷವನ್ನು ಇನ್ನೊಂದರಿಂದ ಕಳೆಯಿತು. ಈಗಿನ ದೊಡ್ಡ ಟಿ.ವಿ.ಗಳು ಬೇರೆ ವಿನ್ಯಾಸಗಳನ್ನು ಹಿಡಿದಿರುವುದು ನಿಜ. ಆದರೂ ಒಂದು ತಲೆಮಾರಿನ ಕಂಪ್ಯೂಟರ್ ತೆರೆಗಳು ಪಕ್ಕದಲ್ಲಿ ಕುಳಿತವನಿಗೂ ಕಾಣುವಂತಾದುದರಲ್ಲಿ ಬೆಂಗಳೂರಿನ ಆ ಪ್ರಯೋಗಶಾಲೆಯ ಋಣವಿದೆ.

ಪಕ್ಕದಿಂದ ನೋಡುವ ಸಮಸ್ಯೆ ಪೂರ್ತಿಯಾಗಿ ತೀರಿಲ್ಲ. ಇಂದಿನ ಎಲ್‌ಸಿಡಿ ಟಿ.ವಿ.ಗಳಲ್ಲಿ ವಿಎ, ಐಪಿಎಸ್ ಎಂಬ ಎರಡು ಪಂಗಡಗಳುಂಟು. ವಿಎ ತೆರೆಯ ಕದಗಳು ಬಿಗಿಯಾಗಿ ಮುಚ್ಚುವುದರಿಂದ ಅದರ ಸಹಜ ಅನುಪಾತ ಮೂರು ಸಾವಿರ, ಐದು ಸಾವಿರಗಳಷ್ಟಿರುತ್ತದೆ, ಆದರೆ ಮುಂದುಗಡೆ ಕುಳಿತವರಿಗೆ ಮಾತ್ರ. ಐಪಿಎಸ್ ತೆರೆ ಪಕ್ಕದವರಿಗೂ ಬಣ್ಣವನ್ನು ಕೆಡಿಸದೆ ತೋರಿಸುತ್ತದೆ, ಆದರೆ ಅದರ ಅನುಪಾತ ಸಾವಿರದ ಸುತ್ತಮುತ್ತ. ಮದುವೆಯ ಹಿಂದಿನ ದಿನ ಇಪ್ಪತ್ತು ಜನ ನೆಂಟರು ಗೋಡೆಯಿಂದ ಗೋಡೆಯವರೆಗೆ ಹರಡಿ ಕುಳಿತು ಕ್ರಿಕೆಟ್ ನೋಡುವ ಮನೆಗೂ, ದಂಪತಿಗಳಿಬ್ಬರು ಎದುರಿನ ಸೋಫಾದಲ್ಲಿ ಕುಳಿತು ಸಿನಿಮಾ ನೋಡುವ ಮನೆಗೂ ಒಂದೇ ತೆರೆಯನ್ನು ಒಳ್ಳೆಯದೆನ್ನಲಾಗುವುದಿಲ್ಲ. ಮಿನಿ ಎಲ್‌ಇಡಿ ಎಂಬುದು ಹಿಂದಿನ ದೀಪಗಳನ್ನು ನೂರಾರು ವಲಯಗಳಾಗಿ ವಿಂಗಡಿಸಿ, ಕಪ್ಪಿರುವ ಕಡೆ ದೀಪವನ್ನೇ ತಗ್ಗಿಸುವ ಉಪಾಯ. ಅದು ಬಹುಮಟ್ಟಿಗೆ ಫಲಿಸಿದೆ. ಕಗ್ಗತ್ತಲೆಯ ಹಿನ್ನೆಲೆಯಲ್ಲಿ ಹೊಳೆಯುವ ಕಿರೀಟದ ಸುತ್ತಲೂ ಒಂದು ತೆಳುವಾದ ಪ್ರಭಾವಲಯ ಮಾತ್ರ ಉಳಿಯುತ್ತದೆ. ಪೌರಾಣಿಕ ಪಾತ್ರಗಳಿಗೆ ಅದು ಅಷ್ಟು ಅಸಹಜವಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು.

ಯಕ್ಷಗಾನದ ಮಾತು ಬಂದುದರಿಂದ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಅಂಗಡಿಯವನು ಹಾಕುವ ಹವಳದ ಮೀನುಗಳ ಚಿತ್ರವನ್ನು ನೋಡಬೇಡಿ. ಮಂಡಿಯ ಮೇಲೆ ಗಿರಗಿರನೆ ತಿರುಗುವ ಬಡಗುತಿಟ್ಟಿನ ಕುಣಿತದ ದೃಶ್ಯವೊಂದನ್ನು ಹಾಕಿಸಿ ನೋಡಿರಿ. ಸೆಕೆಂಡಿಗೆ 50 ಚಿತ್ರಗಳ ಲೆಕ್ಕದಲ್ಲಿ ಪ್ರತಿ ಚಿತ್ರವೂ ತೆರೆಯ ಮೇಲೆ ಸೆಕೆಂಡಿನ ಐವತ್ತನೆಯ ಒಂದು ಪಾಲು ಕಾಲ ಅಲುಗದೆ ನಿಲ್ಲುತ್ತದೆ. ನಮ್ಮ ಕಣ್ಣಾದರೋ ವೇಷಧಾರಿಯನ್ನು ಹಿಂಬಾಲಿಸಿ ಅಷ್ಟರಲ್ಲಿ ಮುಂದಕ್ಕೆ ಸರಿದಿರುತ್ತದೆ. ವೇಷವು ಸೆಕೆಂಡಿಗೆ ಸಾವಿರ ಬಿಂದುಗಳಷ್ಟು ಸರಿಯುತ್ತಿದ್ದರೆ ಕಣ್ಣಿನೊಳಗೆ ಇಪ್ಪತ್ತು ಬಿಂದುಗಳಷ್ಟು ಮಸುಕು ಮೂಡುವುದು. ಇದು ಎಲ್‌ಸಿಡಿಗೂ ಓಎಲ್‌ಇಡಿಗೂ ಸಮಾನವಾದ ದೋಷ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಪ್ರತಿ ಬಿಂದುವನ್ನೂ ಕ್ಷಣಮಾತ್ರ ಮಿಂಚಿಸಿ ಆರಿಸುತ್ತಿದ್ದುದರಿಂದ ಅದರಲ್ಲಿ ಈ ಮಸುಕು ಇರಲಿಲ್ಲ. ಚಿತ್ರಗಳ ನಡುವೆ ಕಪ್ಪನ್ನು ತೂರಿಸುವ ಸೌಲಭ್ಯ ಕೆಲವು ಯಂತ್ರಗಳಲ್ಲಿದೆ. ಅದನ್ನು ಹಾಕಿದರೆ ಬೆಳಕು ಕಡಮೆಯಾಗಿ ಕುಣಿತವು ತಿಳಿಯಾಗುತ್ತದೆ. ಇಲ್ಲಿಯೂ ತಿಳಿತನಕ್ಕೆ ಬೆಲೆಯಾಗಿ ತೆರಬೇಕಾದುದು ಬೆಳಕನ್ನು.

1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಪ್ಲಾಸ್ಮಾ ತೆರೆ ತನ್ನ ಕಾಲದಲ್ಲಿ ಕಪ್ಪಿಗೂ ಚಲನೆಗೂ ಹೆಸರಾಗಿದ್ದಿತಾದರೂ ಈಗ ಅದನ್ನು ಮಾಡುವವರಿಲ್ಲ. ಅದರ ಪೀಠವನ್ನೇರಿದುದು ಓಎಲ್‌ಇಡಿ. ಕೊಡಕ್ ಕಂಪೆನಿಯ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಎಂಬಿಬ್ಬರು 1987ರಲ್ಲಿ ಪ್ರಕಟಿಸಿದ ತತ್ತ್ವದಂತೆ, ಇಂಗಾಲದ ಸಂಯುಕ್ತಗಳ ಅತಿ ತೆಳುವಾದ ಪದರಗಳ ಮೂಲಕ ವಿದ್ಯುತ್ತು ಹರಿದಾಗ ಪ್ರತಿ ಬಿಂದುವೂ ತಾನೇ ಬೆಳಗುತ್ತದೆ. ಹರಿಯದಾಗ ತಾನೇ ಆರುತ್ತದೆ. ಆದುದರಿಂದ ಅದರ ಕಪ್ಪು ನಿಜವಾಗಿಯೂ ಕಪ್ಪು, ಮತ್ತು ಎಲ್ಲ ಕೋನಗಳಿಂದಲೂ ಹಾಗೆಯೇ. ಚಿತ್ರದ ಗುಣವೊಂದನ್ನೇ ನೋಡುವುದಾದರೆ ಇದಕ್ಕೆ ಸಮವಾದುದಿಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು. ಆದರೆ ಈ ಪದರಗಳು ಉರಿದಷ್ಟೂ ಸವೆಯುತ್ತವೆ, ನೀಲಿಯದು ಎಲ್ಲಕ್ಕಿಂತ ಬೇಗ. ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಒಂದೇ ವಾರ್ತಾವಾಹಿನಿ, ಅದರ ಮೂಲೆಯಲ್ಲಿ ಒಂದೇ ಲಾಂಛನ, ಕೆಳಗೆ ಒಂದೇ ಕೆಂಪು ಪಟ್ಟಿ ಉರಿಯುತ್ತಿರುವ ಮನೆಯಲ್ಲಿ ಆ ಬಿಂದುಗಳು ನೆರೆಯವುಗಳಿಗಿಂತ ಮುಂಚೆ ಮುಪ್ಪಾಗಿ, ವಾಹಿನಿ ಬದಲಿಸಿದರೂ ಪಟ್ಟಿಯ ಛಾಯೆ ಉಳಿಯುವ ಸಂಭವವುಂಟು. ಅಂಥ ಮನೆಗಳು ನಮ್ಮಲ್ಲಿ ಕಡಮೆಯೇನಲ್ಲ.

ಪ್ರೊಜೆಕ್ಟರುಗಳಲ್ಲಿ ನಮಗೆ ಪ್ರಯೋಜನವಾಗುವ ಭೇದ ಎರಡು. ಒಂದರಲ್ಲಿ ಕೆಂಪು, ಹಸುರು, ನೀಲಿಗಳಿಗೆ ಒಂದೊಂದರಂತೆ ಮೂರು ಚಿಕ್ಕ ಎಲ್‌ಸಿಡಿ ಫಲಕಗಳು. ಇನ್ನೊಂದು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ನಿರ್ಮಿಸಿದ ಡಿಎಲ್‌ಪಿ ಚಿಪ್ಪಿನದು: ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸಿನ ಲಕ್ಷಾಂತರ ಕನ್ನಡಿಗಳು ಸೆಕೆಂಡಿಗೆ ಸಹಸ್ರಾರು ಬಾರಿ ವಾಲಿ ಬೆಳಕನ್ನು ಪರದೆಗೋ ಪಕ್ಕಕ್ಕೋ ಕಳಿಸುತ್ತವೆ. ಒಂದೇ ಚಿಪ್ಪಿನ ಯಂತ್ರದಲ್ಲಿ ಬಣ್ಣಗಳು ಒಂದಾದಮೇಲೊಂದು ಬರುವುದರಿಂದ ಕೆಲವರ ಕಣ್ಣಿಗೆ ಅಂಚುಗಳಲ್ಲಿ ಕಾಮನಬಿಲ್ಲು ಹಾಯ್ದಂತಾಗುವುದು. ಕೊಳ್ಳುವ ಮೊದಲು ಮನೆಯವರೆಲ್ಲರೂ ಒಮ್ಮೆ ನೋಡಿಬಿಡುವುದು ಲೇಸು. ದೀಪದ ವಿಷಯದಲ್ಲಿ ಸಂಶಯಕ್ಕೆಡೆಯಿಲ್ಲ. ಪಾದರಸದ ಆವಿಯನ್ನು ಇನ್ನೂರು ವಾಯುಭಾರದಷ್ಟು ಒತ್ತಡದಲ್ಲಿ ಉರಿಸುವ ಹಳೆಯ ಬಲ್ಬು ಕೆಲವು ಸಾವಿರ ಗಂಟೆಗಳಲ್ಲಿ ಸೊರಗುತ್ತದೆ. ಲೇಸರಿಗೆ ತಯಾರಕರು ಹೇಳುವ ಆಯುಸ್ಸು 20,000 ಗಂಟೆ, ದಿನಕ್ಕೆ ಮೂರು ಗಂಟೆಯಂತೆ ಹದಿನೆಂಟು ವರ್ಷ. ಅಲ್ಲದೆ ಆ ಬಲ್ಬು ಆರಿದ ಮೇಲೆಯೂ ಪಂಕ ತಿರುಗಿ ಅದನ್ನು ತಣಿಸಬೇಕು. ಗೇರುಸೊಪ್ಪೆಯಲ್ಲಿ, ಎಂದರೆ ಹೊನ್ನಾವರ ತಾಲೂಕಿನೊಳಗೆಯೇ, 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದ್ದರೂ, ಜೂನ್ ತಿಂಗಳ ಗಾಳಿಗೆ ಮರವೊಂದು ತಂತಿಯ ಮೇಲೊರಗಿದರೆ ನಮ್ಮ ಮನೆಗಳಲ್ಲಿ ಕರೆಂಟು ಹೋಗುವುದು ತಪ್ಪದು. ಪ್ರತಿ ಬಾರಿಯೂ ಬಿಸಿ ಬಲ್ಬು ತಣಿಯದೆ ಬೇಯುವುದು. ಲೇಸರಿಗೆ ಆ ಭಯ ಅಷ್ಟಾಗಿ ಇಲ್ಲ.

ಗೋಡೆಯ ಬುಡದಲ್ಲಿಯೇ ಕುಳಿತು ಮೇಲಕ್ಕೆ ಬೆಳಕನ್ನೆಸೆಯುವ ಲೇಸರ್ ಯಂತ್ರಗಳು ಈಗ ಜನಪ್ರಿಯ. ಅವುಗಳ ಕಿರಣ ಪರದೆಯ ಮೇಲಂಚನ್ನು ಬಹಳ ಓರೆಯಾಗಿ ತಾಕುತ್ತದೆ. ಲಂಬಕ್ಕೆ 70 ಡಿಗ್ರಿಯ ಓರೆಯಲ್ಲಿ ಎರಡು ಮಿಲಿಮೀಟರಿನ ಉಬ್ಬು ಚಿತ್ರವನ್ನು ಐದಾರು ಮಿಲಿಮೀಟರು ಸರಿಸಿಬಿಡುವುದು. ದೂರದಿಂದ ನೇರವಾಗಿ ಬರುವ ಕಿರಣಕ್ಕೆ ಅದೇ ಉಬ್ಬು ಅರ್ಧ ಮಿಲಿಮೀಟರಷ್ಟೂ ತೊಡಕಲ್ಲ. ಚಿರೆಕಲ್ಲಿನ ಮೇಲೆ ಗಾರೆ ಬಳಿದ ನಮ್ಮ ಗೋಡೆಗಳು ಎರಡು ಮಿಲಿಮೀಟರಿನ ಶಿಸ್ತನ್ನು ಎಂದೂ ಕಂಡವಲ್ಲ. ಅದಕ್ಕಾಗಿಯೇ ಚೌಕಟ್ಟಿಗೆ ಬಿಗಿದ, ಸೂರಿನ ಬೆಳಕನ್ನು ಹೀರುವ ವಿಶೇಷ ಪರದೆಯನ್ನು ಯಂತ್ರದ ಜೊತೆಯಲ್ಲಿಯೇ ಕೊಳ್ಳಬೇಕು. ಆ ಖರ್ಚನ್ನು ಸೇರಿಸಿದರೆ ಅಗ್ಗವೆಂದುಕೊಂಡದ್ದು ಅಗ್ಗವಾಗಿ ಉಳಿಯುವುದಿಲ್ಲ.

ಇನ್ನು ಕಡಲಿನ ಪ್ರಶ್ನೆ. ಇದರ ವಿಚಾರವನ್ನು ಬೆಂಗಳೂರಿನ ಅಥವಾ ದೆಹಲಿಯ ಪರೀಕ್ಷಕರು ಬರೆಯುವುದಿಲ್ಲ. ಏಕೆಂದರೆ ಅವರ ಯಂತ್ರಗಳು ಇದರಿಂದ ಸಾಯುವುದಿಲ್ಲ. ಅಲೆಗಳು ಒಡೆದಾಗ ಹಾರುವ ತುಂತುರು ಗಾಳಿಯಲ್ಲಿ ಒಣಗಿ, ಉಪ್ಪಿನ ಅತಿಸೂಕ್ಷ್ಮ ಕಣಗಳಾಗಿ ಒಳನಾಡಿಗೆ ತೇಲಿಬಂದು, ಪಂಕದ ಸೆಳೆತಕ್ಕೆ ಸಿಕ್ಕಿ ಯಂತ್ರದ ಸರ್ಕೀಟು ಹಲಗೆಯ ಮೇಲೆ ಕೂರುತ್ತವೆ. ಒಣಗಿರುವಷ್ಟು ಕಾಲ ಉಪ್ಪು ನಿರುಪದ್ರವಿ. ಆದರೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ಮೀರಿತೆಂದರೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ತಾನೇ ಕರಗಿ, ವಿದ್ಯುತ್ತನ್ನು ಹರಿಸಬಲ್ಲ ದ್ರಾವಣವಾಗುತ್ತದೆ. ತಾಮ್ರವನ್ನೂ ಬೆಸುಗೆಯನ್ನೂ ಕೊರೆಯತೊಡಗುತ್ತದೆ. ಮಳೆಗಾಲದ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡ ಯಾವ ಗೃಹಿಣಿಗೂ ಈ ರಸಾಯನಶಾಸ್ತ್ರವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಯಂತ್ರಗಳ ಕೈಪಿಡಿಗಳು ಸಾಮಾನ್ಯವಾಗಿ ಶೇಕಡಾ 80ರವರೆಗಿನ ಆರ್ದ್ರತೆಯನ್ನು ಅನುಮತಿಸುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯ ಗಾಳಿ ಆ ಅನುಮತಿಯನ್ನು ಕೇಳುವುದಿಲ್ಲ, ಬೆಳಗಿನ ಹೊತ್ತು ಶೇಕಡಾ 90ನ್ನು ಮುಟ್ಟುವುದು ಸಾಮಾನ್ಯ.

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದಾಗಿ, ಗಾಳಿಯನ್ನು ರಭಸದಿಂದ ಒಳಗೆಳೆದು ಹೊರದೂಡುವ ಯಂತ್ರಕ್ಕಿಂತ, ಪಂಕವಿಲ್ಲದೆ ತಣಿಯುವ ಯಂತ್ರ ಇಲ್ಲಿ ದೀರ್ಘಾಯು. ಈ ದೃಷ್ಟಿಯಿಂದ ಪ್ರೊಜೆಕ್ಟರಿಗಿಂತ ಪ್ಯಾನೆಲ್ಲು ಮೇಲು, ಪ್ರೊಜೆಕ್ಟರುಗಳಲ್ಲಿ ಬೆಳಕಿನ ಮಾರ್ಗವನ್ನು ಮೊಹರುಮಾಡಿ ಮುಚ್ಚಿದ ಡಿಎಲ್‌ಪಿ ಮೇಲು. ಎರಡನೆಯದಾಗಿ, ದಿನವೂ ಉರಿಯುವ ಯಂತ್ರಕ್ಕಿಂತ ಉರಿಯದೆ ಬಿದ್ದಿರುವ ಯಂತ್ರ ಬೇಗ ಕೆಡುತ್ತದೆ. ಉರಿಯುವ ಯಂತ್ರದ ಒಳಭಾಗ ಹೊರಗಿನದಕ್ಕಿಂತ ಹತ್ತು ಹದಿನೈದು ಡಿಗ್ರಿ ಬೆಚ್ಚಗಿರುವುದರಿಂದ ಅಲ್ಲಿಯ ಸಾಪೇಕ್ಷ ಆರ್ದ್ರತೆ ತಾನೇ ಅರ್ಧದಷ್ಟಕ್ಕೆ ಇಳಿದು ಉಪ್ಪು ಒಣಗಿಯೇ ಇರುತ್ತದೆ. ಹವಾನಿಯಂತ್ರಣವನ್ನು ಹಾಕಿಸಿದವರು ಇನ್ನೊಂದು ಅಂಶವನ್ನು ಅರಿತಿರಬೇಕು: ಹೊರಗೆ 27 ಡಿಗ್ರಿಯೂ ಶೇಕಡಾ 90ರ ಆರ್ದ್ರತೆಯೂ ಇದ್ದರೆ ಆ ಗಾಳಿಯ ಇಬ್ಬನಿಬಿಂದು ಸುಮಾರು 25 ಡಿಗ್ರಿ. ಕೋಣೆಯನ್ನು 22 ಡಿಗ್ರಿಗೆ ತಣಿಸಿ, ಸಿನಿಮಾ ಮುಗಿದೊಡನೆ ಏಸಿ ಆರಿಸಿ ಬಾಗಿಲು ಕಿಟಕಿಗಳನ್ನು ತೆರೆದರೆ, ತಣ್ಣಗಿರುವ ಮಸೂರದ ಮೇಲೂ ಗಾಜಿನ ಮೇಲೂ ನೀರು ಹನಿಯುವುದು ಭೌತಶಾಸ್ತ್ರದ ನಿಯಮ. ಕೋಣೆ ತಾನಾಗಿ ಬೆಚ್ಚಗಾಗುವ ತನಕ ಬಾಗಿಲನ್ನು ಮುಚ್ಚಿಡುವುದೇ ಜಾಣತನ. ಸುರುಳಿ ಸುತ್ತುವ ಪರದೆಯನ್ನು ಮಳೆಗಾಲವಿಡೀ ಸುತ್ತಿಟ್ಟರೆ ಗಣೇಶಚತುರ್ಥಿಗೆ ಬಿಚ್ಚುವಾಗ ಬೂಷ್ಟಿನ ನಕಾಶೆ ಕಾಣಿಸುವುದು. ಮಸೂರದ ಮೇಲೆ ಬೆಳೆದ ಬೂಷ್ಟು ಒರೆಸಿದರೆ ಹೋದಂತೆ ತೋರಿದರೂ ಅದರ ಆಮ್ಲವು ಕೊರೆದ ಗುರುತು ಹೋಗುವುದಿಲ್ಲ. ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುವ ಇರುವೆ, ಹಲ್ಲಿಗಳ ಪುರಾಣವನ್ನು ಇಲ್ಲಿ ಬೆಳೆಸುವುದಿಲ್ಲ.

ಮೇ ಮತ್ತು ಅಕ್ಟೋಬರ್ ತಿಂಗಳ ಸಿಡಿಲಿಗೆ ಯಾವ ತಂತ್ರಜ್ಞಾನವೂ ಅಪವಾದವಲ್ಲ. ಚಿರೆಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಹೀರದು. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯುವುದನ್ನು ಮರೆತ ಮನೆಯಲ್ಲಿ ಸ್ಟೆಬಿಲೈಸರಿನ ಮೇಲಿನ ನಂಬಿಕೆ ಬರಿಯ ನಂಬಿಕೆಯೇ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡುವ ಅಜ್ಜಿಯರ ಪದ್ಧತಿಯೇ ಇಂದಿಗೂ ಶ್ರೇಷ್ಠ.

ಗಾತ್ರದ ವಿಚಾರವನ್ನು ಸಂಕ್ಷೇಪವಾಗಿ ಮುಗಿಸಬಹುದು. ತೆರೆಯು ಕಣ್ಣಿಗೆ 30 ಡಿಗ್ರಿಯಷ್ಟು ಅಗಲವಾಗಿ ಕಂಡರೆ ಸಿನಿಮಾದ ಅನುಭವ ಆರಂಭವಾಗುವುದೆಂದು ವೃತ್ತಿನಿರತರ ನಿಯಮ. ಆ ಲೆಕ್ಕದಲ್ಲಿ 65 ಅಂಗುಲಕ್ಕೆ 2.7 ಮೀಟರು, 100 ಅಂಗುಲಕ್ಕೆ 4.1 ಮೀಟರು ದೂರ. ಆರೋಗ್ಯವಂತ ಕಣ್ಣು ಬೇರ್ಪಡಿಸಬಲ್ಲ ಕನಿಷ್ಠ ಕೋನ ಡಿಗ್ರಿಯ ಅರವತ್ತನೆಯ ಒಂದು ಪಾಲಾದುದರಿಂದ, 65 ಅಂಗುಲದ ತೆರೆಯನ್ನು 2.6 ಮೀಟರಿಗಿಂತ ದೂರದಿಂದ ನೋಡುವವನಿಗೆ 4ಕೆಗೂ ಹಿಂದಿನ ಫುಲ್ ಎಚ್‌ಡಿಗೂ ಭೇದ ತಿಳಿಯದು. 85 ಅಂಗುಲದ ಪ್ಯಾನೆಲ್ಲು ಮರದ ಕಿರಿದಾದ ಏಣಿಮೆಟ್ಟಿಲಿನಲ್ಲಿ ಮಾಳಿಗೆಗೆ ಏರಲಾರದೆಂಬುದನ್ನು ಕೊಂಡ ಮೇಲೆ ಕಂಡುಕೊಳ್ಳುವುದಕ್ಕಿಂತ ಮೊದಲೇ ಅಳತೆಪಟ್ಟಿ ಹಿಡಿಯುವುದು ಒಳಿತು. ಮಡಿಸಿದ ಪರದೆಗೂ ಪ್ರೊಜೆಕ್ಟರಿಗೂ ಆ ತೊಡಕಿಲ್ಲ. ದುಬೈಯಿಂದ ಬರುವಾಗ ಟಿ.ವಿ.ಯನ್ನು ಲಗೇಜಿನಲ್ಲಿಯೇ ತರುವ ಹಳೆಯ ವಾಡಿಕೆಯ ಆಕರ್ಷಣೆ, 2013ರ ಆಗಸ್ಟಿನಲ್ಲಿ ಚಪ್ಪಟೆ ಟಿ.ವಿ.ಗಳನ್ನು ಸುಂಕವಿನಾಯಿತಿಯಿಂದ ಹೊರಗಿಟ್ಟಂದಿನಿಂದ ಬಹುಮಟ್ಟಿಗೆ ಕುಂದಿದೆ.

ಹೊನ್ನಾವರದ ಮಾಳಿಗೆಯ ಕೋಣೆಗೆ, ಕಿಟಕಿಗಳಿಗೆ ದಪ್ಪ ಪರದೆ ಹಾಕಿ ರಾತ್ರಿ ಮಾತ್ರ ನೋಡುವ ರಸಿಕನಿಗೆ, ಬೆಳಕಿನ ಮಾರ್ಗ ಮುಚ್ಚಿದ ಲೇಸರ್ ಡಿಎಲ್‌ಪಿಯನ್ನೂ ಚೌಕಟ್ಟಿಗೆ ಬಿಗಿದ ಸಾಧಾರಣ ಬಿಳಿಯ ಪರದೆಯನ್ನೂ ನಾನು ಸೂಚಿಸುವೆನು. ಕುಮಟೆಯ ಫ್ಲ್ಯಾಟಿನಲ್ಲಿ, ವಾರ್ತೆಯ ಹವ್ಯಾಸವಿಲ್ಲದ ಚಿಕ್ಕ ಸಂಸಾರಕ್ಕೆ, 65 ಅಂಗುಲದ ಓಎಲ್‌ಇಡಿಗೆ ಹಣ ಹಾಕಿದರೆ ನಷ್ಟವಿಲ್ಲ. ವರ್ಷದ ಹತ್ತು ತಿಂಗಳು ಬೀಗ ಹಾಕಿರುವ ಭಟ್ಕಳದ ದೊಡ್ಡ ಮನೆಗೆ ಮಾತ್ರ ಅತ್ಯುತ್ತಮವಾದುದನ್ನು ಕೊಳ್ಳಬಾರದು; ಸಾಮಾನ್ಯ ದರ್ಜೆಯ 75 ಅಂಗುಲದ ವಿಎ ಪ್ಯಾನೆಲ್ಲು ಅಲ್ಲಿಗೆ ಯೋಗ್ಯ. ಅದನ್ನು ಕೂಡ ಮಳೆಗಾಲದಲ್ಲಿ ವಾರಕ್ಕೆರಡು ಸಲ ಯಾರಾದರೂ ಬಂದು ಒಂದೆರಡು ಗಂಟೆ ಉರಿಸಬೇಕು. ಬೀಗದ ಕೈ ಇಟ್ಟುಕೊಂಡಿರುವ ನೆಂಟರಿಗೆ ಸಿನಿಮಾ ನೋಡುವ ಚಟವಿದ್ದರೆ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ವಿಮೆ ಇಲ್ಲ.